ಫುಲ್ ಚಾರ್ಜ್ ಆದ ಮೇಲೆ ಎಲ್ಲ ಬ್ಯಾಟರಿಯೂ ಒಳ್ಳೆಯದೇ

ನನಗೆ ವೇಪ್ (ಬ್ಯಾಟರಿಯಿಂದ ನಡೆಯುವ ಇ-ಸಿಗರೇಟ್) ಸೇದುವ ಅಭ್ಯಾಸ ಇಲ್ಲ. ಅದು ಸರಿಯೋ ತಪ್ಪೋ ಅನ್ನುವ ಚರ್ಚೆಗೂ ನಾನು ಬರುವುದಿಲ್ಲ. ನನ್ನ ಹುಚ್ಚು ಬೇರೆ: ಲಿಥಿಯಂ ಬ್ಯಾಟರಿ. ಟಾರ್ಚ್, ಪವರ್ ಬ್ಯಾಂಕ್, ಕೆಟ್ಟ ಲ್ಯಾಪ್‌ಟಾಪ್ ಪ್ಯಾಕ್, ಏನು ಸಿಕ್ಕಿದರೂ ಬಿಚ್ಚಿ ಸೆಲ್‌ಗಳನ್ನು ಅಳೆದು ನೋಡದಿದ್ದರೆ ಸಮಾಧಾನ ಇಲ್ಲ. ಇದು ಗೊತ್ತಿರುವುದರಿಂದ ಎರಡು ಬ್ಯಾಟರಿ ಹಾಕುವ ವೇಪ್ ಇಟ್ಟುಕೊಂಡ ಪರಿಚಯದವರು ಆಗಾಗ ನನ್ನ ಹತ್ತಿರ ಬರುತ್ತಾರೆ. ಕೇಳುವುದು ಒಂದೇ ಪ್ರಶ್ನೆ: "ಎರಡೂ ಒಂದೇ ಸೈಜ್, ಎರಡೂ ಫುಲ್ ಚಾರ್ಜ್ ಇದೆ. ಹಾಕಬಹುದು ಅಲ್ವಾ?"

ಸೈಜ್ ಒಂದೇ ಆದರೆ ಏನೂ ಹೇಳಿದ ಹಾಗಾಗಲಿಲ್ಲ. ಈ ಸೆಲ್‌ಗಳ ಸೈಜ್ ಹೇಳುವ ಸಂಖ್ಯೆ 18650. ಅಂದರೆ 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ, ಅಷ್ಟೇ. ಒಳಗೆ ಏನಿದೆ ಅನ್ನುವುದು ಆ ಸಂಖ್ಯೆಯಲ್ಲಿ ಇಲ್ಲ. ಸ್ಯಾಮ್‌ಸಂಗ್ 25ಆರ್ 2500 ಎಂಎಎಚ್ (ಎಷ್ಟು ಚಾರ್ಜ್ ಹಿಡಿಸುತ್ತದೆ ಅನ್ನುವ ಅಳತೆ) ಸೆಲ್, ನಿರಂತರವಾಗಿ 20 ಆಂಪ್ ಕರೆಂಟ್ ಕೊಡುತ್ತದೆ. ಅದೇ ಕಂಪನಿಯ 30ಕ್ಯೂ 3000 ಎಂಎಎಚ್, ಆದರೆ 15 ಆಂಪ್. ಎಲ್‌ಜಿಯ ಕಂದು ಬಣ್ಣದ ಎಚ್‌ಜಿ2 ಕೂಡ 3000 ಎಂಎಎಚ್, 20 ಆಂಪ್. ಕೈಯಲ್ಲಿ ಹಿಡಿದರೆ ಮೂರಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಳೆ ಲ್ಯಾಪ್‌ಟಾಪ್‌ನಿಂದ ತೆಗೆದ ಸೆಲ್ ಕೂಡ ಅದೇ ಸೈಜ್, ಆದರೆ ಅದನ್ನು ಇಷ್ಟು ಕರೆಂಟ್ ಕೊಡಲಿ ಅಂತ ಮಾಡಿದ್ದಲ್ಲ.

ಫುಲ್ ಚಾರ್ಜ್ ಅನ್ನುವುದು ಇನ್ನೂ ದೊಡ್ಡ ಮೋಸ. ಚಾರ್ಜರ್‌ನ ಕೆಲಸವೇ ಪ್ರತಿ ಸೆಲ್ ಅನ್ನೂ 4.2 ವೋಲ್ಟ್‌ಗೆ ತಂದು ನಿಲ್ಲಿಸುವುದು. ನಿನ್ನೆ ಬಂದ ಹೊಸ ಸೆಲ್ಲೂ 4.2 ತೋರಿಸುತ್ತದೆ, ವರ್ಷಗಟ್ಟಲೆ ದುಡಿದು ಸೊರಗಿದ ಸೆಲ್ಲೂ 4.2 ತೋರಿಸುತ್ತದೆ. ಹಸಿರು ದೀಪ ಬಂದ ಕೂಡಲೇ ಎರಡೂ ಸಮ ಅಂದುಕೊಳ್ಳುವುದು ಸಹಜ. ಆದರೆ ಸಮ ಇರುವುದು ವೋಲ್ಟೇಜ್ ಮಾತ್ರ. ಒಳಗೆ ಎಷ್ಟು ಸರಕಿದೆ, ಅದು ಎಷ್ಟು ಸಲೀಸಾಗಿ ಹೊರಗೆ ಬರುತ್ತದೆ ಅನ್ನುವುದು ಆಗ ಕಾಣುವುದೇ ಇಲ್ಲ.

ಎರಡು ಸೆಲ್‌ನ ಬಹಳಷ್ಟು ವೇಪ್‌ಗಳಲ್ಲಿ ಸೆಲ್‌ಗಳು ಸೀರೀಸ್‌ನಲ್ಲಿ ಕೂತಿರುತ್ತವೆ. ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ. ವೋಲ್ಟೇಜ್ ಕೂಡುತ್ತದೆ, ಕರೆಂಟ್ ಮಾತ್ರ ಎರಡರಲ್ಲೂ ಒಂದೇ. ಬಲವಾದದ್ದು ಜಾಸ್ತಿ ಕೊಟ್ಟು, ಸೋತದ್ದು ಕಡಿಮೆ ಕೊಟ್ಟು ಹೊಂದಿಕೊಂಡು ಹೋಗುವ ಅವಕಾಶವೇ ಅಲ್ಲಿಲ್ಲ. ಒಂದು ಸೆಲ್‌ನಲ್ಲಿ 2500 ಉಳಿದಿದೆ, ಇನ್ನೊಂದರಲ್ಲಿ 1900 ಮಾತ್ರ ಅಂದುಕೊಳ್ಳಿ. 1900 ಮುಗಿದಾಗ ಒಂದು ಬರಿದು, ಇನ್ನೊಂದರಲ್ಲಿ ಇನ್ನೂ 600 ಬಾಕಿ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಇಲ್ಲಿ ನೊಗ ಬಿಚ್ಚುವವರೂ ಇಲ್ಲ, ಬಟನ್ ಒತ್ತಿದಷ್ಟು ಹೊತ್ತೂ ಎಳೆಯಲೇಬೇಕು.

ಡಿವೈಸ್ ಯಾವಾಗ ನಿಲ್ಲುತ್ತದೆ? ಒಳಗೆ ಒಳ್ಳೆಯ ಬೋರ್ಡ್ (ನಿಯಂತ್ರಣದ ಸರ್ಕ್ಯೂಟ್) ಇದ್ದರೆ ಪ್ರತಿ ಸೆಲ್‌ನ ವೋಲ್ಟೇಜ್ ಬೇರೆ ಬೇರೆ ನೋಡುತ್ತದೆ, ಒಂದು ಇಳಿದ ಕೂಡಲೇ ನಿಲ್ಲಿಸುತ್ತದೆ. ಅಗ್ಗದ ಬೋರ್ಡ್ ಒಟ್ಟು ಮೊತ್ತ ಮಾತ್ರ ನೋಡಬಹುದು. ಒಟ್ಟು 6.4 ವೋಲ್ಟ್‌ಗೆ ನಿಲ್ಲಬೇಕು ಅಂತ ಇದ್ದರೆ ಅದರ ಲೆಕ್ಕದಲ್ಲಿ 3.2 ಮತ್ತು 3.2. ಆದರೆ 3.7 ಮತ್ತು 2.7 ಕೂಡಿಸಿದರೂ 6.4 ತಾನೇ? ಇನ್ನೂ ಸ್ವಲ್ಪ ಅಂತರ ಜಾಸ್ತಿಯಾದರೆ ಸೋತ ಸೆಲ್ 2.5ಕ್ಕಿಂತಲೂ ಕೆಳಗೆ ಹೋಗುತ್ತದೆ. ಈ ಸೆಲ್‌ಗಳ ತಯಾರಕರೇ ಕೊಡುವ ಡೇಟಾಶೀಟ್‌ನಲ್ಲಿ ಸಾಮಾನ್ಯವಾಗಿ 2.5 ವೋಲ್ಟೇ ಕೊನೆ ಗೆರೆ. ಅದಕ್ಕಿಂತ ತೀರಾ ಕೆಳಗೆ ಇಳಿಸಿದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡುವಾಗ ಕರಗಿದ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಅಂಥ ಸೆಲ್ಲೂ ಚಾರ್ಜರ್ ಮೇಲೆ ಕೂತು 4.2 ತೋರಿಸಿಬಿಡಬಹುದು. ನನಗೆ ಭಯ ಇರುವುದು ಇದರದ್ದೇ.

ಚಾರ್ಜ್ ಮಾಡುವಾಗಲೂ ಇದೇ ಕಥೆ ತಿರುಗಿ ಬರುತ್ತದೆ. ಸೆಲ್ ತೆಗೆಯದೆ ಡಿವೈಸ್‌ಗೇ ಯುಎಸ್‌ಬಿ ಕೇಬಲ್ ಚುಚ್ಚುವವರು ಬಹಳ. ಒಳಗೆ ಬ್ಯಾಲೆನ್ಸ್ ಮಾಡುವ ಸರ್ಕ್ಯೂಟ್ ಇಲ್ಲದಿದ್ದರೆ ಅದು 8.4 ವೋಲ್ಟ್ ಬಂತಾ ಅಂತ ಮಾತ್ರ ನೋಡುತ್ತದೆ. ಅದು 4.2 ಮತ್ತು 4.2 ಆಗಿರಬಹುದು, 4.35 ಮತ್ತು 4.05 ಕೂಡ ಆಗಿರಬಹುದು. ಪ್ರತಿ ಸೆಲ್‌ಗೂ ಬೇರೆ ಬೇರೆ ಚಾನೆಲ್ ಇರುವ ಹೊರಗಿನ ಚಾರ್ಜರ್ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಈಗ ನಿಜವಾದ ಪರೀಕ್ಷೆಗೆ ಬರೋಣ. ಅಳೆಯಬೇಕಾದದ್ದು ಚಾರ್ಜ್ ಆದ ಮೇಲೆ ಅಲ್ಲ, ಬಳಸಿದ ಮೇಲೆ.

ನನ್ನ ಭಾವಮೈದುನ ಈಚೆಗೆ ಅವನದ್ದನ್ನು ತಂದಿದ್ದ. "ಭಾವ, ಬ್ಯಾಟರಿ ಬೇಗ ಖಾಲಿ ಆಗ್ತಿದೆ, ಡಿವೈಸೇ ಹೋಗಿದೆಯೇನೋ ನೋಡಿ" ಅಂದ. ಫುಲ್ ಚಾರ್ಜ್ ಮಾಡಿಕೊಂಡು ಬರುತ್ತೇನೆ ಅಂತ ಹೊರಟವನನ್ನು ತಡೆದೆ. ಬೇಡ, ಹೀಗೇ ಇರಲಿ. ಎರಡೂ ಸೆಲ್ ತೆಗೆದು ಮೇಜಿನ ಮೇಲೆ ಅರ್ಧ ಗಂಟೆ ಸುಮ್ನೆ ಬಿಟ್ಟೆವು. ಬಳಸಿದ ಕೂಡಲೇ ಅಳೆದರೆ ವೋಲ್ಟೇಜ್ ಇನ್ನೂ ಏರುತ್ತಾ ಇರುತ್ತದೆ, ನಿಲ್ಲಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಮಲ್ಟಿಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ತಳಕ್ಕೆ. ಒಂದು 3.71. ಇನ್ನೊಂದು 3.48. ಅವನ ಮುಖ ನೋಡಿದೆ. "ಎರಡನ್ನೂ ಒಟ್ಟಿಗೇ ತಗೊಂಡಿದ್ದು ಭಾವ" ಅಂದ. ಒಟ್ಟಿಗೇ ತಗೊಂಡದ್ದು ಹೌದು. ಆದರೆ ಒಂದನ್ನು ನಡುನಡುವೆ ಟಾರ್ಚ್‌ಗೆ ಹಾಕಿಕೊಂಡು ಓಡಾಡಿದ್ದು ಆಮೇಲೆ ನಿಧಾನಕ್ಕೆ ಹೊರಬಂತು.

ಆದರೂ ಒಂದೇ ಅಳತೆ ನಂಬಿ ತೀರ್ಪು ಕೊಡಬಾರದು. ಸೆಲ್‌ಗಳ ಜಾಗ ಅದಲು ಬದಲು ಮಾಡಿ ಇನ್ನೊಂದು ಸುತ್ತು ಬಳಸಿ, ಮತ್ತೆ ಅಳೆಯಿರಿ. ಕಡಿಮೆ ವೋಲ್ಟೇಜ್ ಸೆಲ್‌ನ ಜೊತೆಗೇ ಹೋದರೆ ಸೆಲ್ ಸೋತಿದೆ. ಅದೇ ಜಾಗದಲ್ಲೇ ಉಳಿದರೆ ತೊಂದರೆ ಇರುವುದು ಡಿವೈಸ್‌ನಲ್ಲೇ, ಸೆಲ್ ಬದಲಿಸಿ ಪ್ರಯೋಜನ ಇಲ್ಲ. ಇವನ ವಿಷಯದಲ್ಲಿ ಅದು ಸೆಲ್‌ನ ಜೊತೆಗೇ ಹೋಯಿತು.

ಎಷ್ಟು ವ್ಯತ್ಯಾಸ ಇದ್ದರೆ ಜೋಡಿ ಮುರಿಯಬೇಕು? ನನ್ನ ಕಟ್ಟುನಿಟ್ಟು ಇಷ್ಟು: 0.05 ವೋಲ್ಟ್ ಒಳಗೆ ಇದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. 0.1 ದಾಟಿದರೆ ಆ ಜೋಡಿಯನ್ನು ವೇಪ್‌ಗೆ ಹಾಕಲು ಬಿಡುವುದಿಲ್ಲ. ನಡುವೆ ಇದ್ದರೆ ಕಣ್ಣಿಟ್ಟಿರುತ್ತೇನೆ. ಇದು ನನ್ನ ಅಂದಾಜಿನ ಗೆರೆ, ಯಾರದೋ ಕಾನೂನಲ್ಲ.

ಪ್ಯಾರಲಲ್‌ನಲ್ಲಿರುವ ಡಿವೈಸ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ, ಇದನ್ನು ಎಷ್ಟೋ ಜನ ಗಮನಿಸುವುದಿಲ್ಲ. ಅಲ್ಲಿ ಪ್ಲಸ್ ಪ್ಲಸ್‌ಗೆ, ಮೈನಸ್ ಮೈನಸ್‌ಗೆ ಸೇರಿರುತ್ತವೆ, ಹಾಗಾಗಿ ಒಳಗೆ ಇದ್ದಷ್ಟು ಹೊತ್ತೂ ಎರಡೂ ತಾವಾಗಿಯೇ ಒಂದೇ ವೋಲ್ಟೇಜ್‌ಗೆ ಬರುತ್ತವೆ. ತೆಗೆದು ಅಳೆದರೆ ಕಳ್ಳ ಸಿಕ್ಕುವುದಿಲ್ಲ. ಅದಕ್ಕೆ ಎಂಎಎಚ್ ಅಳೆಯುವ ಚಾರ್ಜರ್ ಬೇಕು, ಇಂಟರ್ನಲ್ ರೆಸಿಸ್ಟೆನ್ಸ್, ಅಂದರೆ ಸೆಲ್ ಒಳಗೇ ಕರೆಂಟ್‌ಗೆ ಇರುವ ತಡೆ, ತೋರಿಸುವಂಥದ್ದಾದರೆ ಇನ್ನೂ ಒಳ್ಳೆಯದು. ಎರಡನ್ನೂ ಚಾರ್ಜರ್‌ನ ಒಂದೇ ಸ್ಲಾಟ್‌ನಲ್ಲಿ ಒಂದಾದ ಮೇಲೆ ಒಂದು ಹಾಕಿ ಹೋಲಿಸಿ. ಈ ಚಾರ್ಜರ್‌ಗಳ ರೆಸಿಸ್ಟೆನ್ಸ್ ಲೆಕ್ಕ ಸ್ಲಾಟ್‌ನಿಂದ ಸ್ಲಾಟ್‌ಗೇ ಬದಲಾಗುತ್ತದೆ. ಸಂಖ್ಯೆ ನಿಖರವಾಗಿರಬೇಕು ಅಂತಿಲ್ಲ, ಎರಡರ ನಡುವಿನ ಅಂತರ ಗೊತ್ತಾದರೆ ಸಾಕು.

ಪ್ಯಾರಲಲ್‌ನಲ್ಲಿ ಅಪಾಯ ಇರುವುದು ಹಾಕುವ ಕ್ಷಣದಲ್ಲಿ. 4.2 ವೋಲ್ಟ್ ಇರುವ ಒಂದು, 3.5 ಇರುವ ಒಂದು ಹಾಕಿದಿರಿ ಅಂದುಕೊಳ್ಳಿ. ಅಂತರ 0.7 ವೋಲ್ಟ್. ಎರಡು ಸೆಲ್ ಮತ್ತು ಸ್ಪ್ರಿಂಗ್‌ಗಳ ರೆಸಿಸ್ಟೆನ್ಸ್ ಸೇರಿ 0.06 ಓಮ್ ಇದ್ದರೆ, ನೀವು ಬಟನ್ ಮುಟ್ಟುವ ಮೊದಲೇ ಒಂದರಿಂದ ಇನ್ನೊಂದಕ್ಕೆ 12 ಆಂಪ್ ಹತ್ತಿರ ನುಗ್ಗುತ್ತದೆ. 25ಆರ್ ತರಹದ ಸೆಲ್‌ಗೆ ವೇಗದ ಚಾರ್ಜಿಂಗ್ ಅಂದರೂ 4 ಆಂಪ್ ಮಿತಿ.

ಆಂಪ್ ವಿಷಯದಲ್ಲಿ ಇನ್ನೊಂದು ತಪ್ಪು ಲೆಕ್ಕ ನಡೆಯುತ್ತದೆ. ವ್ಯಾಟ್ ಸೆಟ್ ಮಾಡುವ ಡಿವೈಸ್‌ನಲ್ಲಿ ಬ್ಯಾಟರಿ ಇಳಿದಷ್ಟೂ ಕರೆಂಟ್ ಏರುತ್ತದೆ. 80 ವ್ಯಾಟ್ ಇಟ್ಟರೆ ಸೆಲ್‌ಗೆ 40 ವ್ಯಾಟ್. ತುಂಬಿದಾಗ 4.2ರಲ್ಲಿ ಭಾಗಿಸಿದರೆ 10 ಆಂಪ್ ಕೂಡ ಇಲ್ಲ. 3.2ಕ್ಕೆ ಇಳಿದಾಗ 12.5, ಬೋರ್ಡ್‌ನಲ್ಲಿ ಹತ್ತರಲ್ಲಿ ಒಂದು ಪಾಲು ಪೋಲಾದರೆ ಸುಮಾರು 14. ಸೀರೀಸ್ ಇರಲಿ ಪ್ಯಾರಲಲ್ ಇರಲಿ, ಸೆಲ್ ಮೇಲಿನ ಭಾರ ಇಷ್ಟೇ. ಅದೇ 120 ವ್ಯಾಟ್ ಮಾಡಿದರೆ 20 ಆಂಪ್‌ನ ಸೆಲ್ಲೂ ಗೆರೆ ದಾಟುತ್ತದೆ. ಜೋಡಿಯಲ್ಲಿ ಒಂದು ಸೋತಿದ್ದರೆ ಅದು ಬೇಗ 3.2ಕ್ಕೆ ಇಳಿಯುತ್ತದೆ, ಇಳಿದ ಮೇಲೂ ಜಾಸ್ತಿ ಕರೆಂಟ್ ಕೊಡಬೇಕಾಗುತ್ತದೆ, ಬಿಸಿಯಾಗುತ್ತದೆ, ಇನ್ನಷ್ಟು ಸೋಲುತ್ತದೆ.

ಬೋರ್ಡೇ ಇಲ್ಲದ ವೇಪ್, ಅಂದರೆ ಮೆಕ್ಯಾನಿಕಲ್ ಮಾಡ್‌ನಲ್ಲಿ ಇದ್ಯಾವುದನ್ನೂ ತಡೆಯುವವರಿಲ್ಲ. ಅದರಲ್ಲಿ ಎರಡು ಸೆಲ್ ಒಂದರ ಮೇಲೊಂದು ಇಟ್ಟು ಬಳಸುವವರು ಬಂದರೆ ನಾನು ಅಳತೆ ಮಾಡಿ ಕೊಡುವುದಿಲ್ಲ, ಬಿಟ್ಟುಬಿಡಿ ಅಂತ ಮಾತ್ರ ಹೇಳುತ್ತೇನೆ.

ಹಾಗಾದರೆ ಜೋಡಿ ಮಾಡುವುದು ಹೇಗೆ? ಒಂದೇ ಕಂಪನಿ, ಒಂದೇ ಮಾಡೆಲ್, ಸಾಧ್ಯವಾದರೆ ಒಂದೇ ಬ್ಯಾಚ್, ಒಂದೇ ದಿನ ಕೊಂಡದ್ದು. ಬಂದ ದಿನವೇ ಪರ್ಮನೆಂಟ್ ಮಾರ್ಕರ್‌ನಲ್ಲಿ ಮೇಲಿನ ಪ್ಲಾಸ್ಟಿಕ್ ಮೇಲೆ ಎ1, ಎ2 ಅಂತ ಬರೆಯಿರಿ, ತಿಂಗಳು ವರ್ಷವನ್ನೂ ಬರೆಯಿರಿ. ಇನ್ನೊಂದು ಜೋಡಿ ಇದ್ದರೆ ಬಿ1, ಬಿ2. ಅಲ್ಲಿಂದ ಮುಂದೆ ಎ1 ಎಲ್ಲಿಗೆ ಹೋದರೂ ಎ2 ಜೊತೆಗೇ. ಒಟ್ಟಿಗೇ ಬಳಕೆ, ಒಟ್ಟಿಗೇ ಚಾರ್ಜ್. ಟಾರ್ಚ್‌ಗೆ ಅಂತ ಒಂದನ್ನು ಎರವಲು ಕೊಡಬೇಡಿ. ಹಾಕುವಾಗಲೆಲ್ಲ ಎಡ ಬಲ ಬದಲಿಸುತ್ತಾ ಇರಿ. ಒಂದು ಹೋದರೆ ಉಳಿದದ್ದಕ್ಕೆ ಹೊಸದನ್ನು ತಂದು ಕಟ್ಟಬೇಡಿ. ಎ2 ಮತ್ತು ಬಿ1 ಉಳಿದಿವೆ, ಎರಡೂ ಹಳೆಯದೇ ತಾನೇ ಅನ್ನುವ ಜಾಣತನವೂ ಬೇಡ. ಚೆನ್ನಾಗಿರುವ ಒಂಟಿ ಸೆಲ್ ಅನ್ನು ಒಂದೇ ಸೆಲ್‌ನ ಟಾರ್ಚ್‌ಗೆ ಹಾಕಿ, ಅಲ್ಲಿ ಇನ್ನೂ ಬಹಳ ದಿನ ದುಡಿಯುತ್ತದೆ. ಮೂರು, ನಾಲ್ಕು ಸೆಲ್‌ನ ಡಿವೈಸ್ ಆದರೆ ಅಷ್ಟೂ ಒಂದು ಸೆಟ್. ಒಂದು ಹೋಯಿತು ಅಂದರೆ ಸೆಟ್ ಹೋಯಿತು. ಜೇಬಿಗೆ ನೋವಾಗುತ್ತದೆ, ನಿಜ.

ಕೊಳ್ಳುವಾಗಲೇ ನಕಲಿ ಬಂದರೆ ಈ ಲೆಕ್ಕವೆಲ್ಲ ನೀರಿನಲ್ಲಿ ಹೋಮ. 18650 ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ನಗಬೇಕು ಅಷ್ಟೇ, ಸಾಮಾನ್ಯವಾಗಿ ಸಿಗುವ ದೊಡ್ಡ ಸೆಲ್ಲೂ 3500ರ ಆಸುಪಾಸಿನದ್ದು. 40 ಆಂಪ್ ಅಂತ ದಪ್ಪ ಅಕ್ಷರದಲ್ಲಿ ಇದ್ದರೆ ಅದು ಕೆಲವೇ ಕ್ಷಣದ ಪಲ್ಸ್ ಲೆಕ್ಕ, ನಿಮಗೆ ಬೇಕಾದದ್ದು ನಿರಂತರ ಆಂಪ್. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ ನೋಡಿ. ಒಳ್ಳೆಯ 18650 ಸಾಮಾನ್ಯವಾಗಿ 45 ಗ್ರಾಂ ಆಚೀಚೆ ಇರುತ್ತದೆ. 30 ಗ್ರಾಂ ತೂಗಿದರೆ ಒಳಗೆ ಸರಕು ಪೂರ್ತಿ ಇಲ್ಲದ ಡಬ್ಬಿ. ತೂಕ ಸರಿ ಇದೆ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ.

ಮೇಲಿನ ಪ್ಲಾಸ್ಟಿಕ್ ಕವರ್ ಬಗ್ಗೆ ಒಂದು ಮಾತು. ಪ್ಲಸ್ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಪ್ಲಸ್ ಬಿಲ್ಲೆ, ಸುತ್ತಲೂ ತೆಳುವಾದ ಬಿಳಿ ಉಂಗುರ, ಅದರಾಚೆ ಡಬ್ಬಿಯ ಅಂಚು. ಆ ಡಬ್ಬಿ ಪೂರ್ತಿ ಮೈನಸ್. ಪ್ಲಸ್‌ಗೂ ಮೈನಸ್‌ಗೂ ನಡುವೆ ಇರುವುದು ಆ ಉಂಗುರ ಮತ್ತು ಕಾಗದದಷ್ಟು ತೆಳುವಾದ ಕವರ್. ಸೆಲ್ ತೆಗೆಯುವಾಗ ಉಗುರು ತಾಗುವುದು ಸರಿಯಾಗಿ ಅಲ್ಲೇ. ಚೂರು ಹರಿದಿದ್ದರೂ ಹಾಕಬೇಡಿ. ಹೊಸ ಕವರ್ ಸಿಗುತ್ತದೆ, ತೊಡಿಸಿ ಹೇರ್ ಡ್ರೈಯರ್ ಹಿಡಿದರೆ ಮೈಗೆ ಅಂಟಿ ಕೂರುತ್ತದೆ. ಉಂಗುರ ಹರಿದಿದ್ದರೆ ಅದನ್ನೂ ಬದಲಿಸಿ, ಮತ್ತೆ ಎ1 ಅಂತ ಬರೆಯುವುದನ್ನು ಮರೆಯಬೇಡಿ. ಡಬ್ಬಿಯೇ ತಗ್ಗಿದ್ದರೆ ಕವರ್ ಹಾಕಿ ಮುಚ್ಚಬೇಡಿ, ಆ ಸೆಲ್ ಮುಗಿಯಿತು.

ಬಿಡಿ ಸೆಲ್ ಅನ್ನು ಕೀ, ಚಿಲ್ಲರೆ ಇರುವ ಜೇಬಿಗೆ ಹಾಕಿಕೊಳ್ಳುವವರೂ ಇದ್ದಾರೆ. ಅಮೆರಿಕದ ಅಗ್ನಿಶಾಮಕ ಇಲಾಖೆ 2009ರಿಂದ 2016ರವರೆಗೆ ಸುದ್ದಿಯಾದ ಇ-ಸಿಗರೇಟ್ ಬೆಂಕಿ, ಸ್ಫೋಟಗಳನ್ನು ಎಣಿಸಿದಾಗ 195 ಸಿಕ್ಕವು, ಗಾಯಗೊಂಡವರು 133. ಜೇಬಿನಲ್ಲಿದ್ದಾಗಲೇ ಆದವೂ ಅದರಲ್ಲಿವೆ. ಎರಡು ಸೆಲ್ ಹಿಡಿಸುವ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಸಾಕು, ಜೋಡಿಯೂ ಅಗಲುವುದಿಲ್ಲ.

ಭಾವಮೈದುನನ 3.48ರ ಸೆಲ್ ಮತ್ತೆ ಚಾರ್ಜ್ ಮಾಡುವಾಗ ಕೈಗೆ ಬಿಸಿ ತಾಗುತ್ತಿತ್ತು, ಇನ್ನೊಂದು ತಣ್ಣಗಿತ್ತು. ಹಾಗೆ ಬಿಸಿಯಾಗುವ ಸೆಲ್ ಟಾರ್ಚ್‌ಗೂ ಬೇಡ. ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಮನೆಯ ಕಸದ ಬುಟ್ಟಿಗೆ ಹಾಕಿದರೆ ಅದು ಕಸದ ಲಾರಿಯಲ್ಲಿ ಜಜ್ಜಿಹೋಗಿ ಅಲ್ಲಿ ಹೊತ್ತಿಕೊಳ್ಳಬಹುದು.