ಹಿಂದಿ ಮಾಸ್ತರರ ತರಗತಿಯಲ್ಲಿ ಹಾಡಿನ ಟಿವಿ

ನಮ್ಮ ಹಿಂದಿ ಮಾಸ್ತರರು ತೀರಿಕೊಂಡ ಬಳಿಕ ಹಳೆಯ ವಿದ್ಯಾರ್ಥಿಗಳೆಲ್ಲ ಕಲಬುರಗಿಯಲ್ಲಿ ಸೇರಿದ್ದೆವು. ಅವರು ಕಲಿಸಿದ ವ್ಯಾಕರಣದ ಒಂದು ಸೂತ್ರವೂ ಯಾರ ಬಾಯಿಗೂ ಬರಲಿಲ್ಲ. ಮಾತೆಲ್ಲ ದೂರದರ್ಶನದ ಹಾಡುಗಳ ಸುತ್ತಲೇ ತಿರುಗಿತು.

ನಮ್ಮ ಸೀಮೆಯ ಹಳ್ಳಿಗಳು ಬೆಂಗಳೂರಿಗಿಂತ ಮೊದಲೇ ಟಿವಿ ಕಂಡವೆಂದು ಹೇಳುವಾಗ ಮಾಸ್ತರರ ದನಿ ಏರುತ್ತಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾಗಿದ್ದವು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ. ಆಗ ಹಳ್ಳಿಶಾಲೆಯಲ್ಲಿದ್ದ ಅವರ ವಶಕ್ಕೆ ಊರಿನ ಟಿವಿಯೂ ತಂತಿಜಾಳಿಗೆಯ 10 ಅಡಿ ಅಗಲದ ಛತ್ರಿಯಂಥ ಆಂಟೆನಾವೂ ಬಂದಿದ್ದವಂತೆ. "ಸಂಜಿಮುಂದ ಊರಿಗೆ ಊರೇ ಸಾಲಿ ಅಂಗಳದಾಗ ಕುಂದರತಿತ್ತು" ಎಂದು ಅವರು ಹೇಳುತ್ತಿದ್ದರು.

ನಮ್ಮ ಬಾಲ್ಯದಲ್ಲಿ ಬುಧವಾರ, ಶುಕ್ರವಾರಗಳೆಂದರೆ ದೂರದರ್ಶನದ ಸಿನಿಮಾ ಹಾಡುಗಳ ಕಾರ್ಯಕ್ರಮ ಚಿತ್ರಹಾರ್. ಶಹಾಬಾದ್ ಫರಸಿ ಹಾಸಿದ ಯಾರದೋ ಪಡಸಾಲೆಯಲ್ಲಿ ಓಣಿಯೆಲ್ಲ ಕೂತಿರುತ್ತಿತ್ತು. ಮಾಳಿಗೆಯ ಮೇಲೊಬ್ಬ ಆಂಟೆನಾ ತಿರುಗಿಸುತ್ತಿದ್ದ, ಬಾಗಿಲಲ್ಲಿ ನಿಂತವನು "ಬಂತು, ಬಂತು, ಹೋತು!" ಎಂದು ಕೂಗುತ್ತಿದ್ದ, ಅಷ್ಟರಲ್ಲಿ ಪರದೆಯ ಮೇಲಿನ ಒಬ್ಬ ನಾಯಕಿ ಮೂವರಾಗಿ ಕುಣಿಯತೊಡಗುತ್ತಿದ್ದಳು. ಹಾಡು ರಂಗೇರಿದ ಗಳಿಗೆಗೇ "ರುಕಾವಟ್ ಕೇ ಲಿಯೇ ಖೇದ್ ಹೈ" (ಅಡಚಣೆಗಾಗಿ ವಿಷಾದಿಸುತ್ತೇವೆ) ಎಂಬ ಫಲಕ ಬಂದು ನಿಲ್ಲುತ್ತಿತ್ತು. ಆ ಫಲಕವನ್ನು ಬೈಯುತ್ತಲೇ ನಾವು ಹಿಂದಿ ಓದಲು ಕಲಿತೆವು.

ನಾವು ಹೈಸ್ಕೂಲಿಗೆ ಬರುವ ಹೊತ್ತಿಗೆ ಕೇಬಲ್ ಬಂದು ಸೂಪರ್‌ಹಿಟ್ ಮುಕಾಬಲಾ ಎಂಬ, ಸಿನಿಮಾ ಹಾಡುಗಳಿಗೆ ವಾರವಾರ ಸ್ಥಾನ ಕೊಡುವ ಕಾರ್ಯಕ್ರಮ ಕಾಣತೊಡಗಿತು. 1992ರಲ್ಲಿ ರ‍್ಯಾಪ್ ಹಾಡಿ ದೇಶವನ್ನೇ ಕುಣಿಸಿದ್ದ ಬಾಬಾ ಸೆಹಗಲ್ ಅದರ ನಿರೂಪಕ. ಈ ವಾರ ಯಾವ ಹಾಡು ಮೇಲೇರಿತು, ಯಾವುದು ಕೆಳಗಿಳಿಯಿತು ಎಂಬ ವಾದ ಪ್ರಾರ್ಥನೆಯ ಸಾಲಿನಲ್ಲೂ ನಿಲ್ಲುತ್ತಿರಲಿಲ್ಲ.

ಒಂದು ದಿನ ಮಾಸ್ತರರು ಬರುವುದು ತಡವಾಯಿತು. ಟಿವಿ ಬಂದಿದ್ದ ಖಾಲಿ ರಟ್ಟಿನ ಡಬ್ಬಿಗೆ ಕಿಟಕಿ ಕೊಯ್ದು ಮೇಜಿನ ಮೇಲಿಟ್ಟೆವು. ನಾನು ಅದರೊಳಗೆ ತಲೆಯಿಟ್ಟು ನಿರೂಪಕನಾದೆ. ಒಬ್ಬ ಕಂಪಾಸ್ ಪೆಟ್ಟಿಗೆ ಬಾರಿಸಿದ, ಮೂವರು ಬೆಂಚು ಹತ್ತಿ ರ‍್ಯಾಪ್ ಶುರುಮಾಡಿದರು. ಮಾಸ್ತರರು ಬಾಗಿಲಲ್ಲಿ ಕಂಡದ್ದೇ ತಡ, ಎಲ್ಲರೂ ಕಲ್ಲಾದರು. ಹಿಂದಿನ ಬೆಂಚಿನವನು ಮಾತ್ರ ಮೊದಲೇ ಬರೆದಿಟ್ಟ "ರುಕಾವಟ್" ಹಾಳೆಯನ್ನು ಮೆಲ್ಲಗೆ ಮೇಲೆತ್ತಿದ.

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಹಾಳೆ ಓದಿದರು, ಸೀಸದಕಡ್ಡಿ ಇಸಿದುಕೊಂಡು "ಖೇದ್" ಎಂಬಲ್ಲಿ ತಪ್ಪಿದ್ದ ಅಕ್ಷರ ತಿದ್ದಿದರು, ಆಮೇಲೆ "ಬಂದ್ ಯಾಕ ಮಾಡಿದ್ರಿ? ನಡೀಲಿ" ಎಂದು ಕುರ್ಚಿಯಲ್ಲಿ ಕುಳಿತರು. ನಮ್ಮ ಹಾಡು ಮುಗಿದ ಮೇಲೆ, "ಪ್ರಾಸ ನಿಮ್ಮ ಬಾಬಾಗೇ ಗೊತ್ತೇನು? ನಮ್ಮ ಕಡಕೋಳ ಮಡಿವಾಳಪ್ಪನ ಪದದಾಗೂ ಅದ, ಕೇಳ್ರಿ" ಎಂದು ಮೇಜನ್ನೇ ದಮ್ಮಡಿ ಮಾಡಿಕೊಂಡು ಒಂದು ತತ್ವಪದ ಹಾಡಿದರು. ಹಿಂದಿ ತಾಸು ತತ್ವಪದದಲ್ಲಿ ಮುಗಿಯಿತು. ಪಕ್ಕದ ತರಗತಿಯವರು ಕಿಟಕಿಗೆ ಮುತ್ತಿಕೊಂಡಿದ್ದರು.

ಅಂದಿನ ನನ್ನ ನಿರೂಪಣೆಯನ್ನು ಗೆಳೆಯರು ಈಗಲೂ ಹೊಗಳುತ್ತಾರೆ. ಇಂದು ಊರಿನ ಯಾವ ಸಂಗೀತ ಸಭೆಗೂ ಮೊದಲು ನನ್ನನ್ನೇ ಕರೆಯುತ್ತಾರೆಂಬುದು ನನಗೆ ಹೆಮ್ಮೆಯ ವಿಷಯ; ಅದರ ಬುನಾದಿ ಆ ರಟ್ಟಿನ ಡಬ್ಬಿಯಲ್ಲೇ ಬಿದ್ದಿತ್ತು.

ಈಗಿನ ಮಕ್ಕಳಿಗೆ ಬೇಕೆಂದ ಹಾಡು ಬೇಕೆಂದ ಗಳಿಗೆಯಲ್ಲಿ ಸಿಗುತ್ತದೆ, ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕೇಳುತ್ತಾರೆ. ಟಿವಿಯ ಹಾಡಿನ ಸ್ಪರ್ಧೆಗಳಲ್ಲಿ ಪುಟ್ಟ ಮಕ್ಕಳನ್ನು ಅಂಕ ಕೊಟ್ಟು ಅಳಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಶಿಕ್ಷಕರಿಗಾದರೂ ಪಾಠ ಮುಗಿಸುವ ಅವಸರದಲ್ಲಿ ಒಂದು ತಾಸು ಹಾಡಿಗೆ ಬಿಟ್ಟುಕೊಡುವ ಸ್ವಾತಂತ್ರ್ಯ ಎಲ್ಲಿದೆ? ಶನಿವಾರದ ಕೊನೆಯ ತಾಸನ್ನು ಮಾಸ್ತರರ ಹೆಸರಿನಲ್ಲಿ ಹಾಡಿಗೆಂದು ಮೀಸಲಿಡಬೇಕೆಂದು ಶಾಲೆಯ ಹಿರಿಯರಲ್ಲಿ ನಾವೆಲ್ಲ ಕೇಳಿಕೊಂಡಿದ್ದೇವೆ. ನಿರೂಪಣೆಗೆ ನಾನು ಬರುತ್ತೇನೆ.