ಕೂಲಿಂಗ್ ಟವರ್ ಕೆಲಸದ ದಾಖಲೆ: ಮೀಟರಿಗೆ ಸಿಕ್ಕಿ ಕಣ್ಣಿಗೆ ಸಿಗದ 6,000 ಲೀಟರ್

ನಮ್ಮ ಕಾರ್ಖಾನೆಯ ಕೂಲಿಂಗ್ ಟವರಿನಲ್ಲಿ ನೀರು ಉಳಿಸುವ ಈ ಕೆಲಸದ ಬಗ್ಗೆ ಕಳೆದ ಬಾರಿ ಬರೆದಾಗ ಕಂಡಕ್ಟಿವಿಟಿ ಕಂಟ್ರೋಲರ್ (ನೀರಿನ ವಿದ್ಯುತ್ ವಾಹಕತೆಯಿಂದ ಲವಣಾಂಶವನ್ನು ಅಳೆಯುವ ಉಪಕರಣ) ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಕೂರಿಸಿದ್ದು, ಬ್ಲೋಡೌನ್ ಲೈನಿಗೆ (ಲವಣ ಮಿತಿಮೀರದಂತೆ ಟವರಿನ ನೀರನ್ನು ಹೊರಬಿಡುವ ಪೈಪು) ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ಜೋಡಿಸಿದ್ದು, ಮೇಕಪ್ ಲೈನಿಗೆ (ಕಳೆದುಹೋದಷ್ಟು ಹೊಸ ನೀರು ತುಂಬುವ ಪೈಪು) ಪ್ರತ್ಯೇಕ ಮೀಟರ್ ಹಾಕಿದ್ದು, ಇವೆಲ್ಲ ಈ ಕೆಲಸ ಬಲ್ಲವರಿಗೆ ಗೊತ್ತಿರುವ ಹಂತಗಳಾದ್ದರಿಂದ ಅವನ್ನು ಬಿಟ್ಟು, ಐದು ವಾರಗಳ ಕಾಲ ನಮ್ಮನ್ನು ಕಾಡಿ ಇತ್ತೀಚೆಗಷ್ಟೇ ಬಗೆಹರಿದ ಒಂದೇ ಸಮಸ್ಯೆಯನ್ನು ಈ ಸಲ ವಿವರವಾಗಿ ದಾಖಲಿಸುತ್ತೇನೆ.

ಹೊಸದಾಗಿ ಓದುವವರಿಗಾಗಿ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ವಿಜಯಪುರದ ಹೊರವಲಯದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ದ್ರಾಕ್ಷಿ, ದಾಳಿಂಬೆ ಮತ್ತು ಲಿಂಬೆ ತೋಟಗಳಿಗೆ ಬೇಕಾದ ಡ್ರಿಪ್ ಪೈಪು ತಯಾರಾಗುತ್ತದೆ. ಎಕ್ಸ್‌ಟ್ರೂಡರಿನಿಂದ ಹೊರಬರುವ ಬಿಸಿ ಪೈಪನ್ನು ತಣ್ಣೀರಿನ ತೊಟ್ಟಿಯಲ್ಲಿ ಹಾಯಿಸಬೇಕು. ಆ ನೀರನ್ನು ತಂಪಾಗಿಡಲು ಚಿಲ್ಲರ್ ಬೇಕು. ಚಿಲ್ಲರಿನ ಬಿಸಿಯನ್ನು ಹೊರಹಾಕಲು ಕೂಲಿಂಗ್ ಟವರ್ ಬೇಕು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಜಿಲ್ಲೆ ನಮ್ಮದು. ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ ಇದ್ದರೂ ನಡುವೆ ಹರಿಯುವ ಡೋಣಿಯ ನೀರು ಸವುಳು, ಕಪ್ಪು ಮಣ್ಣಿನ ಕೆಳಗಿನ ಬಸಾಲ್ಟ್ ಬಂಡೆಯಿಂದ ಬರುವ ಬೋರಿನ ನೀರು ಗಡಸು. ನಮ್ಮ ಬೋರಿನ ಗಡಸುತನ ಲೀಟರಿಗೆ 620 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದಾಗ ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಕೊನೆಯ ಮಿತಿ 600. ಆ ಗಡಸು ನೀರು ಕೂಡ ನಮ್ಮೊಬ್ಬರದಲ್ಲ. ಬೇಲಿಯಾಚೆಯ ಲಿಂಬೆ ತೋಟದ ಬೋರೂ ಅದೇ ಬಂಡೆಯ ಬಿರುಕಿಗೆ ಇಳಿದಿದೆ. ಒಂದೊಂದು ಹನಿಯನ್ನೂ ಬೇರಿಗೆ ಮುಟ್ಟಿಸುವ ಪೈಪನ್ನು ತಯಾರಿಸುವವರು ತಮ್ಮ ಅಂಗಳದಲ್ಲಿ ನೀರು ಪೋಲಾಗಲು ಬಿಡಬಾರದು ಎಂಬ ಒಂದೇ ಕಾರಣಕ್ಕೆ ನಾನು ಈ ಕೆಲಸವನ್ನು ಕೈಗೆತ್ತಿಕೊಂಡಿದ್ದೇನೆ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಟವರಿನಲ್ಲಿ ಗಂಟೆಗೆ 50 ಘನಮೀಟರ್ ನೀರು ತಿರುಗುತ್ತದೆ ಮತ್ತು ಒಳಬರುವ ನೀರಿಗೂ ಹೊರಹೋಗುವ ನೀರಿಗೂ 5 ಡಿಗ್ರಿ ಅಂತರವಿರುತ್ತದೆ. ನಾವೆಲ್ಲ ಬಳಸುವ 0.00153 ಎಂಬ ಗುಣಕವನ್ನು ಹಾಕಿದರೆ ಎರಡು ಪಾಳಿಗಳ 16 ಗಂಟೆಗಳಲ್ಲಿ ಸುಮಾರು 6 ಘನಮೀಟರ್ ನೀರು ಆವಿಯಾಗಿ ಹೋಗುತ್ತದೆ. ಇದನ್ನು ತಡೆಯುವಂತಿಲ್ಲ, ಏಕೆಂದರೆ ತಂಪಾಗುವ ಬಗೆಯೇ ಅದು. ನಮ್ಮ ಕೈಯಲ್ಲಿರುವುದು ಬ್ಲೋಡೌನ್ ಮಾತ್ರ. ಸಿಒಸಿಯನ್ನು, ಅಂದರೆ ಟವರಿನ ನೀರಿನ ಲವಣ ಮೇಕಪ್ ನೀರಿನದಕ್ಕಿಂತ ಎಷ್ಟು ಪಟ್ಟು ಎಂಬುದನ್ನು, 2ರಿಂದ 3ಕ್ಕೆ ಏರಿಸಿದರೆ ದಿನದ ಮೇಕಪ್ 12 ಘನಮೀಟರಿನಿಂದ 9ಕ್ಕೆ ಇಳಿಯಬೇಕು. ಬೋರ್ ನೀರಿನ ಕಂಡಕ್ಟಿವಿಟಿ ಸೆಂ.ಮೀ.ಗೆ 1,600 ಮೈಕ್ರೋಸೀಮೆನ್ಸ್ ಇರುವುದರಿಂದ ಕಂಟ್ರೋಲರನ್ನು 4,800ಕ್ಕೆ ಹೊಂದಿಸಿ, ಸುಣ್ಣದ ಪದರ ಕಟ್ಟದಂತೆ ತಡೆಯುವ ಆ್ಯಂಟಿಸ್ಕೇಲೆಂಟ್ ರಾಸಾಯನಿಕದ ಡೋಸಿಂಗನ್ನು ಸರಿಪಡಿಸಿ, ವಾಲ್ವ್ ತಾನಾಗಿ ತೆರೆದುಕೊಳ್ಳುವುದನ್ನು ಕಾಯುತ್ತ ಕುಳಿತೆವು.

ವಾಲ್ವ್ ತೆರೆಯಲೇ ಇಲ್ಲ. ಮೊದಲ ದಿನ ತೆರೆಯದಿದ್ದಾಗ ಸಂತೋಷಪಟ್ಟೆವು. ಐದನೆಯ ದಿನವೂ ತೆರೆಯದಿದ್ದಾಗ ಚಿಂತೆ ಶುರುವಾಯಿತು. ಬ್ಲೋಡೌನ್ ಸಂಪೂರ್ಣ ಮುಚ್ಚಿದ್ದರೆ ಲವಣ ಹೊರಹೋಗಲು ದಾರಿಯಿಲ್ಲ, ಆದ್ದರಿಂದ ಕಂಡಕ್ಟಿವಿಟಿ ದಿನದಿಂದ ದಿನಕ್ಕೆ ಏರಲೇಬೇಕು. ಆದರೆ ಅದು 3,200ರ ಆಸುಪಾಸಿನಲ್ಲಿ ನಿಂತುಬಿಟ್ಟಿತ್ತು. ಮೊದಲು 13 ಘನಮೀಟರ್ ಇದ್ದ ಮೇಕಪ್ 12ಕ್ಕೆ ಮಾತ್ರ ಇಳಿದಿತ್ತು, ಅಂದರೆ ಆಪರೇಟರುಗಳು ಬೆಳಿಗ್ಗೆ ಕೈಯಾರೆ ಬಿಡುತ್ತಿದ್ದ ನೀರಷ್ಟೇ ಉಳಿದಿತ್ತು. ಒಳಗೆ ಬರುವ 12ರಲ್ಲಿ 6 ಆವಿ. ಇನ್ನುಳಿದ 6 ಘನಮೀಟರ್ ಎಲ್ಲಿ ಹೋಗುತ್ತಿದೆ ಎಂಬುದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ನಮ್ಮ ಫಿಟ್ಟರ್ ಟವರಿನ ಸುತ್ತ ಎರಡು ಸುತ್ತು ಹಾಕಿ ಬಂದು, “ನೀರ ಕಳವ ಆಗ್ಯಾವ್ರಿ ಸರ್, ಪೊಲೀಸ್ರಿಗೆ ಹೇಳೂಣೇನ್ರಿ?” ಎಂದು ಕೇಳಿದಾಗ ಪಾಳಿಯವರೆಲ್ಲ ನಕ್ಕರು.

ಮೊದಲ ಅನುಮಾನ ಕಂಡಕ್ಟಿವಿಟಿ ಅಳೆಯುವ ಪ್ರೋಬಿನ ಮೇಲೆ ಬಿತ್ತು. ಈ ಪ್ರೋಬಿನ ವಿಷಯದಲ್ಲಿ ಸರಬರಾಜುದಾರರ ಬಗ್ಗೆ ಒಂದು ಮಾತು ಹೇಳಲೇಬೇಕು. ಹತ್ತು ಮೀಟರ್ ಕೇಬಲ್ ಎಂದು ಆರ್ಡರಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ಬಂದದ್ದು ಮೂರು ಮೀಟರ್. ಪ್ರೋಬ್ ಸರಿಯಿದೆಯೇ ಎಂದು ನೋಡಲು ಜೊತೆಗೆ ಕಳಿಸಿದ, ಕಂಡಕ್ಟಿವಿಟಿ 1,413 ಇರುವ ಕ್ಯಾಲಿಬ್ರೇಷನ್ ದ್ರಾವಣದ ಅವಧಿ ನಮ್ಮ ಕೈಗೆ ಸಿಗುವ ಎರಡು ತಿಂಗಳ ಮೊದಲೇ ಮುಗಿದಿತ್ತು. “ಮುಂದಿನ ವಾರ ಕಳಿಸುತ್ತೇವೆ” ಎಂಬ ಉತ್ತರವನ್ನು ನಾನು ನಾಲ್ಕು ವಾರ ಕೇಳಿದೆ. ಅಳತೆಯ ಉಪಕರಣ ಮಾರುವವರು ಅವಧಿ ಮೀರಿದ ದ್ರಾವಣವನ್ನು ಕಳಿಸಿದರೆ, ಕೊಂಡವನು ಕಣ್ಣೆದುರಿನ ಅಂಕಿಯನ್ನು ನಂಬಬೇಕೋ ಬಿಡಬೇಕೋ ತಿಳಿಯದೆ ಒದ್ದಾಡುತ್ತಾನೆ ಎಂಬುದು ಅವರಿಗೆ ಅರ್ಥವಾಗಬೇಕು. ಕೊನೆಗೆ ಬೇರೆ ಕಡೆಯಿಂದ ಹೊಸ ಬಾಟಲಿ ತರಿಸಿ ಪರೀಕ್ಷಿಸಿದಾಗ ಪ್ರೋಬ್ 1,405 ತೋರಿಸಿತು, ಆದ್ದರಿಂದ ಪ್ರೋಬನ್ನು ದೂರುವಂತಿರಲಿಲ್ಲ.

ಎರಡನೆಯ ಅನುಮಾನ ಗಾಳಿಯೊಂದಿಗೆ ಹಾರಿಹೋಗುವ ತುಂತುರಿನ ಮೇಲೆ. ನಮ್ಮ ಟವರ್ ಹಳೆಯದು, ತುಂತುರನ್ನು ತಡೆಯುವ ಡ್ರಿಫ್ಟ್ ಎಲಿಮಿನೇಟರಿನ ಎರಡು ಫಲಕಗಳು ಬಾಗಿವೆ. ಆದರೂ ತಿರುಗುವ ನೀರಿನ ಶೇಕಡಾ 0.2 ಹಾರಿಹೋಗುತ್ತದೆ ಎಂದು ಧಾರಾಳವಾಗಿ ಹಿಡಿದರೂ ದಿನಕ್ಕೆ 1.6 ಘನಮೀಟರನ್ನು ದಾಟುವುದಿಲ್ಲ. ಸುತ್ತಲಿನ ನೆಲ ಒಣಗಿಯೇ ಇದ್ದುದರಿಂದ ನಿಜವಾದ ನಷ್ಟ ಅದಕ್ಕಿಂತ ಬಹಳ ಕಡಿಮೆ.

ಮೂರನೆಯದು ಟವರಿನ ಬುಡದ ತೊಟ್ಟಿಯ ಸೋರಿಕೆ. ಇದನ್ನು ಪರೀಕ್ಷಿಸಿದ ರೀತಿಯೇ ನಮ್ಮನ್ನು ಮೂರು ವಾರ ದಾರಿ ತಪ್ಪಿಸಿತು. ರಾತ್ರಿ ಪಾಳಿ ಮುಗಿದು ಪಂಪು ನಿಂತ ಮೇಲೆ, ಮೇಕಪ್ ವಾಲ್ವ್ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಸರಿಯಾಗಿ ತೊಟ್ಟಿಯ ಗೋಡೆಗೆ ಮಾರ್ಕರಿನಿಂದ ಗೆರೆ ಎಳೆದು ಮನೆಗೆ ಹೋದೆವು. ಬೆಳಿಗ್ಗೆ ಆರಕ್ಕೆ ಬಂದು ನೋಡಿದರೆ ನೀರು ಗೆರೆಗೆ ಸರಿಯಾಗಿ ನಿಂತಿತ್ತು. ಮೂರು ರಾತ್ರಿ ಇದನ್ನೇ ಮಾಡಿದೆವು, ಮೂರು ಬಾರಿಯೂ ಅದೇ ಫಲಿತಾಂಶ ಬಂದಿತು. ತೊಟ್ಟಿ ಸೋರುತ್ತಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಸಹಿ ಹಾಕಿದೆ. ಅದು ನಿಜವೇ ಆಗಿತ್ತು. ಆದರೆ ನಾವು ಗೆರೆ ಎಳೆಯುವ ಹೊತ್ತಿಗೆ ಹೋಗಬೇಕಾದ ನೀರು ಹೋಗಿ ಮುಗಿದಿತ್ತು.

ಸುಳಿವು ಸಿಕ್ಕಿದ್ದು ಬೇಲಿಯಾಚೆಯಿಂದ. ಲಿಂಬೆ ತೋಟದ ಕಾಕಾ ಒಂದು ಮಧ್ಯಾಹ್ನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, “ತಮ್ಮಾ, ಈ ಬ್ಯಾಸಗ್ಯಾಗ ಎಲ್ಲೀನೂ ಒಂದ ಹಸರ ಕಡ್ಡಿ ಇಲ್ಲ. ನಿಮ್ಮ ಗಟಾರದಾಗ ಅಷ್ಟ ಹೆಂಗ ಹುಲ್ಲ ಬೆಳದೈತಿ? ನಮ್ಮ ಎಮ್ಮಿ ದಿನಾ ಅಲ್ಲೇ ಹೋಗಿ ನಿಂದರತೈತಿ ನೋಡ” ಎಂದರು. ಅವರ ಜೊತೆ ಕಂಪೌಂಡಿನ ಹಿಂಬದಿಗೆ ಹೋಗಿ ನೋಡಿದೆ. ಏಪ್ರಿಲಿನ ಆ ಬಿಸಿಲಿನಲ್ಲಿ ಸುತ್ತಲಿನ ಕರಿಮಣ್ಣು ಅಂಗೈ ಅಗಲದ ಬಿರುಕು ಬಿಟ್ಟಿದ್ದರೂ, ಗಟಾರ ಹೊರಬೀಳುವ ಜಾಗದಲ್ಲಿ ಮೊಣಕಾಲೆತ್ತರದ ಹುಲ್ಲು ಬೆಳೆದಿತ್ತು. ಹುಲ್ಲಿನ ಬುಡದಲ್ಲಿ ಮಣ್ಣು ತೇವವಾಗಿತ್ತು ಮತ್ತು ಗಟಾರದ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿತ್ತು. ಆ ಬಿಳಿ ಪದರ ನಮ್ಮ ಟವರಿನ ನೀರಿನದು ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ, ಏಕೆಂದರೆ ಸ್ಪ್ರೇ ನಾಝಲ್‌ಗಳಿಂದ ನಾವು ತಿಂಗಳಿಗೊಮ್ಮೆ ಕೆರೆದು ತೆಗೆಯುವುದು ಅದನ್ನೇ.

ತೊಟ್ಟಿಯ ಓವರ್‌ಫ್ಲೋ ಪೈಪು ಫರಸಿಕಲ್ಲಿನ ಕೆಳಗೆ ಹಾದು ಆ ಗಟಾರಕ್ಕೆ ಸೇರುತ್ತದೆ, ಆದ್ದರಿಂದ ಅದರಲ್ಲಿ ನೀರು ಹರಿದರೂ ಯಾರಿಗೂ ಕಾಣುವುದಿಲ್ಲ. ಮರುದಿನ ಒಂದು ಫರಸಿಯನ್ನು ಎತ್ತಿಟ್ಟು ಕಾದೆವು. ಪಂಪು ಓಡುತ್ತಿರುವಷ್ಟು ಹೊತ್ತು ಒಂದು ಹನಿಯೂ ಬರಲಿಲ್ಲ. ಹನ್ನೊಂದರ ಸುಮಾರಿಗೆ ಕರೆಂಟು ಹೋಯಿತು, ಪಂಪು ನಿಂತಿತು. ಹತ್ತು ಸೆಕೆಂಡಿನೊಳಗೆ ಓವರ್‌ಫ್ಲೋ ಪೈಪಿನ ಬಾಯಿಂದ ತೋಳಿನ ದಪ್ಪದ ನೀರು ಧುಮುಕಿತು. ಎರಡು ನಿಮಿಷ ಹರಿದು, ಸಣ್ಣ ಎಳೆಯಾಗಿ, ನಿಂತಿತು. ಅಷ್ಟರೊಳಗೆ ನಾವು ಬಕೆಟ್ಟುಗಳನ್ನು ಹಿಡಿದು ಹಿಡಿದು ಬದಲಾಯಿಸುತ್ತಿದ್ದೆವು. ಕೈಮೀರಿ ಹೋದದ್ದನ್ನು ಸೇರಿಸಿ 550 ಲೀಟರಿಗೆ ಕಡಿಮೆಯಿರಲಿಲ್ಲ.

ಲೆಕ್ಕ ಹಾಕಿದಾಗ ಎಲ್ಲವೂ ಹೊಂದಿಕೊಂಡಿತು. ಶೆಡ್ಡಿನ ಮೇಲುಭಾಗದಲ್ಲಿ 100 ಮಿ.ಮೀ. ವ್ಯಾಸದ ರಿಟರ್ನ್ ಪೈಪು 45 ಮೀಟರ್ ಉದ್ದಕ್ಕೆ ಓಡುತ್ತದೆ, ಅದರೊಳಗೆ 350 ಲೀಟರ್ ನೀರಿರುತ್ತದೆ. ಟವರಿನ ಫಿಲ್ (ನೀರು ಹರಡಿಕೊಂಡು ಇಳಿಯುವ ಪದರಗಳು) ಮತ್ತು ಮೇಲಿನ ಟ್ರೇಯಲ್ಲಿ ಇನ್ನೂ 300 ಲೀಟರ್. ಪಂಪು ನಿಂತ ಕೂಡಲೇ ಈ 650 ಲೀಟರ್ ಒಟ್ಟಿಗೆ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯ ವಿಸ್ತಾರ ನಾಲ್ಕು ಚದರ ಮೀಟರ್, ಹಾಗಾಗಿ ನೀರು 16 ಸೆಂ.ಮೀ. ಏರಬೇಕು; ಫ್ಲೋಟ್ ವಾಲ್ವಿನ ಗುಂಡನ್ನು ಹಿಂದೆ ಯಾರೋ ಓವರ್‌ಫ್ಲೋ ಬಾಯಿಗಿಂತ ಎರಡೇ ಸೆಂ.ಮೀ. ಕೆಳಗೆ ಹೊಂದಿಸಿದ್ದರಿಂದ 80 ಲೀಟರಿಗಷ್ಟೇ ಜಾಗವಿತ್ತು. ಪಂಪು ಮತ್ತೆ ಶುರುವಾದಾಗ ಪೈಪು ತುಂಬಿಕೊಳ್ಳಲು ತೊಟ್ಟಿಯ ಮಟ್ಟ ಇಳಿಯುತ್ತದೆ, ಫ್ಲೋಟ್ ವಾಲ್ವ್ ತೆರೆದು ಹೋದಷ್ಟನ್ನೂ ಬೋರಿನಿಂದ ತುಂಬಿಸುತ್ತದೆ. ಕರೆಂಟು ಹೋಗುವುದು, ಟ್ರಿಪ್ ಆಗುವುದು, ಪಾಳಿ ಬದಲಾಗುವುದು ಎಲ್ಲ ಸೇರಿ ದಿನಕ್ಕೆ ಸುಮಾರು ಹತ್ತು ಬಾರಿ ಪಂಪು ನಿಲ್ಲುತ್ತಿತ್ತು. ಒಂದು ಸಲಕ್ಕೆ 570 ಲೀಟರಿನಂತೆ ಹತ್ತು ಸಲಕ್ಕೆ 5.7 ಘನಮೀಟರ್. ಉಳಿದ ಅಲ್ಪ ಭಾಗ ತುಂತುರು.

ಪರಿಹಾರ ಸುಲಭವೆಂದು ತೋರಿತು: ಗುಂಡನ್ನು 18 ಸೆಂ.ಮೀ. ಕೆಳಗಿಳಿಸಿದರೆ ಸಾಕು. ಇಳಿಸಿದೆವು. ಅರ್ಧ ಗಂಟೆಯಲ್ಲಿ ಪಂಪು ಜಲ್ಲಿ ಅರೆಯುವಂತೆ ಸದ್ದು ಮಾಡತೊಡಗಿತು. ಓವರ್‌ಫ್ಲೋ ಬಾಯಿಯವರೆಗೆ 45 ಸೆಂ.ಮೀ. ಆಳವಿದ್ದ ತೊಟ್ಟಿಯಲ್ಲಿ ನೀರು 25 ಸೆಂ.ಮೀ.ಗೆ ಇಳಿದಾಗ, ಪಂಪು ನೀರೆಳೆಯುವ ಸಕ್ಷನ್ ಬಾಯಿಯ ಮೇಲೆ ಸುಳಿ ಎದ್ದು, ಅದರ ಮೂಲಕ ಗಾಳಿ ಪಂಪಿಗೆ ಸೇರುತ್ತಿತ್ತು. ಆ ಸುಳಿಯನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ. ಬೆರಳು ಗಾತ್ರದ ಗಾಳಿಯ ಕೊಳವೆ ನೀರಿನ ಮೇಲ್ಮೈಯಿಂದ ಸಕ್ಷನ್ ಬಾಯಿಯವರೆಗೆ ತಿರುಗುತ್ತ ಇಳಿದಿತ್ತು. ಕೊನೆಗೆ ಮೂರು ಕೆಲಸಗಳನ್ನು ಒಟ್ಟಿಗೆ ಮಾಡಬೇಕಾಯಿತು. ಓವರ್‌ಫ್ಲೋ ಪೈಪಿಗೆ ತುಂಡು ಸೇರಿಸಿ ಬಾಯಿಯನ್ನು 8 ಸೆಂ.ಮೀ. ಎತ್ತರಿಸಿದೆವು, ಅದಕ್ಕೆ ತೊಟ್ಟಿಯ ಗೋಡೆಯಲ್ಲಿ ಜಾಗವಿತ್ತು. ಗುಂಡನ್ನು 10 ಸೆಂ.ಮೀ. ಮಾತ್ರ ಇಳಿಸಿದೆವು. ಸಕ್ಷನ್ ಬಾಯಿಯ ಮೇಲೆ ಒಂದು ಎಚ್‌ಡಿಪಿಇ ಹಲಗೆಯನ್ನು ನಾಲ್ಕು ಸ್ಟೀಲ್ ಕಾಲುಗಳ ಮೇಲೆ ಛತ್ರಿಯಂತೆ ನಿಲ್ಲಿಸಿದೆವು, ನೀರು ಬದಿಯಿಂದ ಬರಬೇಕಾಗಿ ಸುಳಿ ಏಳುವುದು ನಿಂತಿತು. ಒಟ್ಟು 20 ಸೆಂ.ಮೀ. ಜಾಗ ಸಿಕ್ಕಿತು, ಬೇಕಾಗಿದ್ದುದು 16.

ಆ ರಾತ್ರಿ ಹನ್ನೊಂದಕ್ಕೆ ಪಂಪು ನಿಲ್ಲಿಸಿ, ಫರಸಿ ತೆಗೆದಿಟ್ಟ ಗುಂಡಿಯ ಬಳಿ ಟಾರ್ಚ್ ಹಿಡಿದು ನಾನೂ ಫಿಟ್ಟರೂ ಕುಳಿತೆವು. ಪೈಪಿನ ಬಾಯಿ ಒಣಗಿಯೇ ಇತ್ತು. ಎರಡು ದಿನಗಳ ನಂತರ ಕಂಡಕ್ಟಿವಿಟಿ 4,800 ಮುಟ್ಟಿ, ಸೊಲೆನಾಯ್ಡ್ ಮೊದಲ ಬಾರಿಗೆ ‘ಟಕ್’ ಎಂದು ತೆರೆದುಕೊಂಡಾಗ ಪಾಳಿಯ ಹುಡುಗರೆಲ್ಲ ಓಡಿಬಂದರು. ಕಳೆದ ಒಂಬತ್ತು ದಿನಗಳ ಸರಾಸರಿ ಮೇಕಪ್ 9.2 ಘನಮೀಟರ್. ದಿನಕ್ಕೆ ಸುಮಾರು 2,800 ಲೀಟರ್ ನೀರು ಬಂಡೆಯೊಳಗೇ ಉಳಿಯುತ್ತಿದೆ.

ಈ ಗೆಲುವಿನಿಂದ ಮುಂದಿನ ಕೆಲಸವಾದ ಮಳೆನೀರು ಸಂಗ್ರಹದ ಲೆಕ್ಕವೇ ಬದಲಾಗಿದೆ. ಶೆಡ್ಡಿನ ಮೇಲಿನ ತಗಡಿನ ವಿಸ್ತಾರ 1,200 ಚದರ ಮೀಟರ್, 600 ಮಿ.ಮೀ. ಮಳೆಯಲ್ಲಿ ಶೇಕಡಾ 80 ಹಿಡಿದರೂ ವರ್ಷಕ್ಕೆ 576 ಘನಮೀಟರ್ ನೀರು ಸಿಗುತ್ತದೆ. ಮಳೆನೀರು ಮೆದು, ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಟವರಿಗೆ ಅರ್ಧ ಮಳೆನೀರು, ಅರ್ಧ ಬೋರ್ ನೀರು ಕೊಟ್ಟರೆ, ತೊಟ್ಟಿಯ ಲವಣದ ಮಿತಿಯನ್ನು ಈಗಿನಷ್ಟೇ ಇಟ್ಟುಕೊಂಡೂ ಸಿಒಸಿ 6ಕ್ಕೆ ಏರುತ್ತದೆ. ಆಗ ಒಟ್ಟು ಮೇಕಪ್ 7.2, ಅದರಲ್ಲಿ ಬೋರಿನ ಪಾಲು 3.6 ಮಾತ್ರ. ಬೋರ್ ನೀರು 9ರಿಂದ 3.6ಕ್ಕೆ ಇಳಿಯಿತೆಂದರೆ, 3.6 ಘನಮೀಟರ್ ಮಳೆನೀರು 5.4 ಘನಮೀಟರ್ ಬೋರ್ ನೀರನ್ನು ಉಳಿಸಿತು. ಟವರಿಗೆ ಹಾಕಿದ ಒಂದು ಲೀಟರ್ ಮಳೆನೀರು ಒಂದೂವರೆ ಲೀಟರ್ ಅಂತರ್ಜಲಕ್ಕೆ ಸಮ. ಮಳೆನೀರನ್ನು ಶೌಚಾಲಯಕ್ಕೋ ಕೈತೋಟಕ್ಕೋ ಬಳಸಬೇಕೆಂದು ಮ್ಯಾನೇಜ್‌ಮೆಂಟಿಗೆ ಹಿಂದೆ ನಾನೇ ಬರೆದುಕೊಟ್ಟಿದ್ದೆ. ಈಗ ಆ ಟಿಪ್ಪಣಿಯನ್ನು ತಿದ್ದಿ ಕೊಟ್ಟಿದ್ದೇನೆ. ಗಟ್ಟಿ ಪದರ ಕಟ್ಟುವ ಸಿಲಿಕಾ ತೊಟ್ಟಿಯ ನೀರಿನಲ್ಲಿ 150 ಪಿಪಿಎಂ ದಾಟದಂತೆ ವಾರಕ್ಕೊಮ್ಮೆ ನೋಡುತ್ತಿರಬೇಕು.

ತಗಡಿನ ಮೇಲಿನ ಧೂಳು ಇದಕ್ಕೆ ದೊಡ್ಡ ಅಡ್ಡಿ. ಈ ವಿಷಯದಲ್ಲಿ ನಮ್ಮ ಊರಿನಲ್ಲೇ ಒಳ್ಳೆಯ ಮಾದರಿಯಿದೆ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ನೆಲದಡಿಯ ಕೊಳವೆಗಳಲ್ಲಿ ಊರಿಗೆ ನೀರು ತರುವಾಗ, ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿ, ನೀರನ್ನು ಅವುಗಳೊಳಗೆ ಹಾಯಿಸಿ ಒತ್ತಡ ತಗ್ಗಿಸಿ ಹೂಳು ಕೆಳಗೆ ಕೂರುವಂತೆ ಮಾಡುತ್ತಿದ್ದರು. ಅವುಗಳಲ್ಲಿ ಕೆಲವು ಈಗಲೂ ನಿಂತಿವೆ. ಹೋದ ಭಾನುವಾರ ಒಂದರ ಮುಂದೆ ನಿಂತು ನೋಡಿದ ಮೇಲೆ, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ಫಸ್ಟ್ ಫ್ಲಶ್ ಪೈಪಿನ ನಂತರ, ಮಳೆನೀರು ತುಂಬಿಡುವ ನೆಲದಡಿಯ ಸಂಪು ಬರುವ ಮೊದಲು, ಎರಡು ಅಡ್ಡಗೋಡೆಗಳಿರುವ ಸಣ್ಣ ಕೆಸರು ತೊಟ್ಟಿಯೊಂದನ್ನು ನಕ್ಷೆಗೆ ಸೇರಿಸಿದೆ.

ಕಾಕಾ ಅವರ ವಿಷಯ ಇನ್ನೂ ಬಾಕಿಯಿದೆ. ಗಟಾರದ ಹುಲ್ಲು ಈಗ ಹಳದಿಯಾಗತೊಡಗಿದೆ. ಬ್ಲೋಡೌನ್ ನೀರನ್ನಾದರೂ ತಮ್ಮ ಹೊಲದ ಕಡೆ ತಿರುಗಿಸಲು ಸಾಧ್ಯವೇ ಎಂದು ಅವರು ಕೇಳಿದರು. 4,800 ಕಂಡಕ್ಟಿವಿಟಿಯ ನೀರು ಕರಿಮಣ್ಣಿಗೆ ಬಿದ್ದರೆ ಲಿಂಬೆ ಗಿಡಗಳು ಹೆಚ್ಚು ಕಾಲ ತಾಳಲಾರವು ಎಂದು ಹೇಳಿ, ಆ ಬಿಳಿ ಪದರವನ್ನೇ ತೋರಿಸಿದೆ. ಅವರು ಬೆರಳಿನಿಂದ ಕೆರೆದು ನಾಲಿಗೆಗೆ ಹಚ್ಚಿ ನೋಡಿ ತಲೆಯಾಡಿಸಿದರು. ಅದರ ಬದಲು ಅವರ ಬೋರಿನ ನೀರಿನ ಮಟ್ಟವನ್ನೂ ನಮ್ಮ ಬೋರಿನದನ್ನೂ ಪ್ರತಿ ತಿಂಗಳ ಮೊದಲ ಸೋಮವಾರ ಒಂದೇ ಟೇಪಿನಿಂದ ಅಳೆದು ಒಂದೇ ಪುಸ್ತಕದಲ್ಲಿ ಬರೆಯುವುದೆಂದು ಒಪ್ಪಿಕೊಂಡಿದ್ದೇವೆ. ಮೊದಲ ಅಳತೆ ಮುಂದಿನ ವಾರ. ಮಳೆಗಾಲಕ್ಕೆ ಮೊದಲು ಸಂಪಿನ ಅಗೆತ ಮುಗಿಯಬೇಕು, ಮಾಡಿನ ಮಳೆನೀರು ಹಿಡಿಯುವ ತಗಡಿನ ದೋಣಿಗಳ ಆರ್ಡರ್ ಈ ಸಲ ಮೂರು ಕಡೆ ಕೊಟ್ಟಿದ್ದೇನೆ.