ಪುಸ್ತಕದ ಅಂಚಿನ ‘ಕ’, ‘ಭ’, ‘ರೇ’

ಚೆಕ್ ಬೌನ್ಸ್ ಆಗಿ ಇಪ್ಪತ್ತೆರಡನೇ ದಿನ ಮೈಸೂರಿನ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತರಾದವರು ಅವರು.

“ಬೌನ್ಸ್ ಆಯ್ತು ಅಂತ ಬ್ಯಾಂಕಿನ ಮೆಮೊ ಬಂದು 30 ದಿನದೊಳಗೆ ನೋಟಿಸ್ ಹೋಗ್ಬೇಕು ಕಣೋ. ಇಷ್ಟು ದಿನ ಏನ್ ಮಾಡ್ತಿದ್ದೆ?”

“ಸೋಮವಾರ ಕೊಡ್ತೀನಿ ಅಂತಿದ್ರು ಚಿಕ್ಕಪ್ಪ.”

“ಯಾವ ಸೋಮವಾರ ಅಂತ ಕೇಳಿದ್ಯಾ?”

ಕೇಳಿರಲಿಲ್ಲ.

ಮಂಡ್ಯದಲ್ಲಿ ನಮ್ಮದು ಪಂಪ್‌ಸೆಟ್, ಪಿವಿಸಿ ಪೈಪಿನ ಅಂಗಡಿ. ಅಪ್ಪನಿಗೆ ಮಂಡಿನೋವು ಜಾಸ್ತಿಯಾದ ಮೇಲೆ ನಾನೇ ಕೂರುತ್ತಿದ್ದೇನೆ. ಚೆಕ್ ಕೊಟ್ಟವರು ಒಬ್ಬ ಲೇಔಟ್ ಕಂಟ್ರಾಕ್ಟರ್. ದೊಡ್ಡ ಕಾರು, ಬಾಯ್ತುಂಬ ‘ಬ್ರದರ್’. ಮೊದಲ ಆರ್ಡರ್‌ಗೆ ಕೈಮೇಲೆ ನಗದು ಎಣಿಸಿದರು. ಎರಡನೆಯದಕ್ಕೆ 3.80 ಲಕ್ಷದ ಮಾಲನ್ನು ಒಂದು ತಿಂಗಳ ಸಾಲದ ಮೇಲೆ ಒಯ್ದರು. ನಗದು ಕೊಟ್ಟ ಆ ಮೊದಲ ಆರ್ಡರ್ ಎಷ್ಟು ಸಣ್ಣದು ಅನ್ನೋದು ನನಗೆ ಆಮೇಲೆ ಹೊಳೆಯಿತು.

“ಭಾನುವಾರ ಬಾ. ಲೆಕ್ಕದ ಪುಸ್ತಕ ಎಲ್ಲಾ ಎತ್ಕೊಂಡ್ ಬಾ, ನಿಮ್ಮಪ್ಪನ ಹಳೇವೂ ಸೇರಿಸಿ,” ಅಂದರು.

2024ರ ಫೆಬ್ರವರಿ. ಹಿಂದಿನ ವರ್ಷ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಿರಲಿಲ್ಲ. ಅಣೆಕಟ್ಟು ತುಂಬಿದರೆ 124.80 ಅಡಿ ಅನ್ನೋ ಲೆಕ್ಕ ನಮ್ಮ ಕಡೆ ಮಕ್ಕಳಿಗೂ ಗೊತ್ತು. ನೀರಿಲ್ಲದ ವರ್ಷ ಪೈಪಿನ ವ್ಯಾಪಾರ ಹೇಗಿರುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ. ಎರಡು ಚೀಲ ಪುಸ್ತಕ ಹೊತ್ತು ರೈಲು ಹತ್ತಿ ಕುವೆಂಪುನಗರದ ಅವರ ಮನೆ ಸೇರಿದೆ.

ಚಿಕ್ಕಪ್ಪ ಊಟದ ಟೇಬಲ್ ಮೇಲೆ ಒಂದು ಬಿಳಿ ಹಾಳೆ ಇಟ್ಟು ನಾಲ್ಕು ಮನೆ ಗೀಟು ಹಾಕಿದರು. 30 ದಿನದೊಳಗಿನ ಬಾಕಿ, 60ರ ತನಕ, 90ರ ತನಕ, ಅದಕ್ಕೂ ಹಳೆಯದು. ಒಂದೊಂದು ಬಿಲ್ಲನ್ನೂ ಅದರ ಮನೆಗೆ ಹಾಕು ಅಂದರು. ನನಗೆ ಒಟ್ಟು ಬಾಕಿ ಬಾಯಿಪಾಠ ಇತ್ತು, 14 ಲಕ್ಷ ಚಿಲ್ಲರೆ. ಆದರೆ ಅದರ ವಯಸ್ಸು ನೋಡಿರಲಿಲ್ಲ. ಕೊನೆಯ ಮನೆ ಹಾಳೆಯ ಕೆಳಗಿನ ತನಕ ಇಳಿದು, ಜಾಗ ಸಾಲದೆ ಹಿಂದುಗಡೆಗೆ ಹೋಯಿತು. ಆರು ಲಕ್ಷ ಅಲ್ಲೇ ಇತ್ತು.

“ನಿನ್ನ ಲಾಭ ಎಷ್ಟು?”

“ಎಂಟು ಪರ್ಸೆಂಟ್.”

“ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿ?”

“ಹನ್ನೊಂದು.”

ಆಮೇಲೆ ಅವರೇ ಲೆಕ್ಕ ಹಾಕಿದರು. ಲಕ್ಷದ ಮಾಲಿಗೆ ಎಂಟು ಸಾವಿರ ಸಿಗುತ್ತೆ. ದುಡ್ಡು ಬರೋದು ಆರು ತಿಂಗಳಾದರೆ ಅದರಲ್ಲಿ ಐದೂವರೆ ಸಾವಿರದ ಹತ್ತಿರ ಬ್ಯಾಂಕಿನ ಬಡ್ಡಿಗೇ ಹೋಯಿತು. ಕಂಟ್ರಾಕ್ಟರ್ ಬಾಕಿ ಪೂರ್ತಿ ಮುಳುಗಿದರೆ ಅದನ್ನು ದುಡಿಯೋಕೆ ಇನ್ನೂ 47.5 ಲಕ್ಷದ ವ್ಯಾಪಾರ ಮಾಡಬೇಕು. ಇದರ ಮೇಲೆ, ಆ ಬಿಲ್ಲಿನ ಜಿಎಸ್‌ಟಿ ಸುಮಾರು 58 ಸಾವಿರ ನಾನು ಆಗಲೇ ಕಟ್ಟಿಬಿಟ್ಟಿದ್ದೆ. ಗಿರಾಕಿ ದುಡ್ಡು ಕೊಟ್ಟನೋ ಇಲ್ಲವೋ ಅಂತ ಸರ್ಕಾರ ಕಾಯೋದಿಲ್ಲ.

ಆಮೇಲೆ ಮೊಬೈಲ್ ತೆಗೆದು ಬಿಲ್ಲಿನಲ್ಲಿದ್ದ ಕಂಟ್ರಾಕ್ಟರ್‌ನ 15 ಅಂಕಿಯ ಜಿಎಸ್‌ಟಿ ನಂಬರನ್ನು ಪೋರ್ಟಲ್‌ನಲ್ಲಿ ಹಾಕಿದರು. ರಿಟರ್ನ್ ಯಾವ ಯಾವ ತಿಂಗಳು ಸಲ್ಲಿಸಿದ್ದಾರೆ ಅಂತ ಯಾರು ಬೇಕಾದರೂ ನೋಡಬಹುದಂತೆ. ನಾಲ್ಕು ತಿಂಗಳಿಂದ ಖಾಲಿ. ನಾನು ಮಾಲು ಲೋಡ್ ಮಾಡಿಸಿದ ದಿನಕ್ಕಾಗಲೇ ಎರಡು ತಿಂಗಳು ಖಾಲಿಯಿತ್ತು. ನೋಡೋಕೆ ಎರಡು ನಿಮಿಷ ಸಾಕಿತ್ತು, ಅವತ್ತು ಮಾಲು ಲೋಡ್ ಮಾಡೋಕೇ ಎರಡು ಗಂಟೆ ಹಿಡಿದಿತ್ತು.

ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಲೇಬೇಕು ಅನ್ನೋ 2006ರ ಕಾಯ್ದೆ ಇದೆಯಲ್ಲ ಅಂದೆ. ನಾನೂ ಉದ್ಯಮ್ ನೋಂದಣಿ ಮಾಡಿಸಿದ್ದೆ. ಚಿಕ್ಕಪ್ಪ ನಕ್ಕರು. “ನೀನು ವ್ಯಾಪಾರಿ, ತಯಾರಿಸೋನಲ್ಲ. ನಿಮಗೆ ಆ ನೋಂದಣಿ ಬ್ಯಾಂಕ್ ಸಾಲಕ್ಕೆ ಮಾತ್ರ ಉಪಯೋಗ.” ಆ ಸರ್ಟಿಫಿಕೇಟಿಗೆ ನಾನು ಫ್ರೇಮ್ ಬೇರೆ ಹಾಕಿಸಿದ್ದೆ.

ಊಟ ಆದ ಮೇಲೆ ಅಪ್ಪನ ಪುಸ್ತಕ ಬಿಚ್ಚಿದರು. ಹೆಸರುಗಳ ಪಕ್ಕ, ಅಂಚಿನಲ್ಲಿ, ಪೆನ್ಸಿಲ್‌ನಲ್ಲಿ ಒಂದೊಂದು ಅಕ್ಷರ. ಕ, ಭ, ರೇ. ಕೆಲವು ಕಡೆ ‘ಕೊ’. ಪೈಪಿನ ಅಳತೆ ಇರಬೇಕು ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅಪ್ಪನಿಗೇ ಫೋನ್ ಹಚ್ಚಿದೆ.

“ಬೆಳೆ ಕಣಪ್ಪ. ಕಬ್ಬು, ಭತ್ತ, ರೇಷ್ಮೆ. ಕೊ ಅಂದ್ರೆ ನಾಲೆ ಕೊನೆ. ಅಲ್ಲಿಗೆ ನೀರು ಬರೋದೇ ಕೊನೇಲಿ.”

ಹುಳ ಕಟ್ಟಿ ಗೂಡು ಮಾರೋದು ತಿಂಗಳ ಕೆಲಸ, ಹಾಗಾಗಿ ರೇಷ್ಮೆಯವರಿಗೆ ತಿಂಗಳ ಗಡುವು. ಭತ್ತದವರಿಗೆ ಕೊಯ್ಲಿನ ತನಕ. ಕಬ್ಬಿನವರಿಗೆ ವರ್ಷ. ಕಬ್ಬು ಪೂರೈಸಿದ 14 ದಿನದಲ್ಲಿ ಕಾರ್ಖಾನೆ ದುಡ್ಡು ಕೊಡಬೇಕು ಅಂತ 1966ರ ಆದೇಶ ಇದ್ದರೂ, ಅಪ್ಪ ಅದನ್ನು ನಂಬಿ ಗಡುವು ಬರೆದವರಲ್ಲ. ‘ಕೊ’ ಇದ್ದವರಿಗೆ ಅರ್ಧ ನಗದು. ಒಳ್ಳೆಯವನೋ ಕೆಟ್ಟವನೋ ಅನ್ನೋ ಗುರುತು ಎಲ್ಲೂ ಇರಲಿಲ್ಲ.

“ಕಂಟ್ರಾಕ್ಟರ್‌ಗೆ ದುಡ್ಡು ಎಲ್ಲಿಂದ, ಯಾವಾಗ ಬರುತ್ತೆ ಅಂತ ನಿಂಗೊತ್ತಾ?” ಅಂದರು ಚಿಕ್ಕಪ್ಪ. ಸೈಟು ಮಾರಾಟ ಆದಾಗ ಅಂತ ಕಾಣುತ್ತೆ, ಅಂದೆ. ಆ ಉತ್ತರ ನನಗೇ ಕೇಳಲಾಗಲಿಲ್ಲ.

ಆದರೆ ಅಪ್ಪನ ಪುಸ್ತಕದಲ್ಲೂ ಒಂದಷ್ಟು ಹೆಸರುಗಳ ಪಕ್ಕ ಯಾವ ಅಕ್ಷರವೂ ಇರಲಿಲ್ಲ. ನಮ್ಮ ನೆಂಟರವು. ಹಾಳೆಯ ಕೊನೆಯ ಮನೆಯಲ್ಲಿ ಜಾಸ್ತಿ ಇದ್ದದ್ದೂ ಅವರೇ. ಚಿಕ್ಕಪ್ಪ ಏನೂ ಹೇಳದೆ ಪುಟ ತಿರುಗಿಸಿದರು. ಅವರದ್ದೂ ಒಂದು ಬಾಕಿ ಇತ್ತು, 2017ರದ್ದು.

ನೋಟಿಸ್ ಇಪ್ಪತ್ತೇಳನೇ ದಿನ ರಿಜಿಸ್ಟರ್ ಪೋಸ್ಟಿನಲ್ಲಿ ಹೋಯಿತು. “ಬ್ರದರ್, ಲಾಯರ್ ತನಕ ಯಾಕೆ ಹೋದ್ರಿ?” ಅಂತ ಫೋನ್ ಬಂತು. ಕಾನೂನು ಕೊಟ್ಟ 15 ದಿನದೊಳಗೆ ಒಂದೂವರೆ ಲಕ್ಷ ಬಂತು. ಉಳಿದದ್ದಕ್ಕೆ ಕೇಸು ನಡೆಯುತ್ತಿದೆ.

ಮುಂದಿನ ತಿಂಗಳು ಸೋದರಮಾವ ಅಂಗಡಿಗೆ ಬಂದರು. ಐದು ಎಚ್‌ಪಿ ಮೋಟಾರ್ ತೋರಿಸಿ “ಬರ್ಕೊ” ಅಂದರು. ಧೈರ್ಯ ಮಾಡಿ ಹೊಸ ಪುಸ್ತಕ ತೆಗೆದೆ. ಹೆಸರು ಬರೆದು ಪಕ್ಕದಲ್ಲಿ ‘ಕ’ ಹಾಕಿದೆ. ಅವರು ಬಗ್ಗಿ ನೋಡಿದರು.

“ಅದೇನ್ಲಾ ಅದು?”

“ಕಬ್ಬು, ಮಾವ.”

“ಕಬ್ಬು ಬಿಟ್ಟು ಎರಡು ವರ್ಷ ಆಯ್ತಲ್ಲಪ್ಪ. ಹೋದ ವರ್ಷ ಅಡಿಕೆ ಸಸಿ ಹಾಕಿವ್ನಿ.”

ಅಡಿಕೆ ಫಲಕ್ಕೆ ಬರೋಕೆ ಐದಾರು ವರ್ಷ ಬೇಕು. ಪೆನ್ಸಿಲ್ ಹಿಡಿದು ಸುಮ್ನೆ ಕೂತೆ. ಹೊರಗೆ ಅವರು ಆಗಲೇ ಮೋಟಾರನ್ನು ಗೂಡ್ಸ್ ಆಟೋಗೆ ಎತ್ತಿಸುತ್ತಿದ್ದರು.